ಐವತ್ತೊಂದನೆಯ ಪುಟ

ಕಪಾಟಿನಿಂದ ಎಳೆದ ಏಳನೆಯ ಪುಸ್ತಕದಲ್ಲೂ ಆ ಗುರುತು ಇರಲಿಲ್ಲ. ಭಾರ್ಗವಿ ಐವತ್ತೊಂದನೆಯ ಪುಟ ಬಿಡಿಸಿ, ಅದರ ಕೆಳಮೂಲೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದಳು. ಪುಟದ ಸಂಖ್ಯೆ, ಪಕ್ಕದಲ್ಲಿ ಯಾರದೋ ಕಾಫಿಯ ಕಲೆ, ಅಷ್ಟೆ. ಪುಸ್ತಕವನ್ನು ಅದರ ಜಾಗಕ್ಕೆ ತಳ್ಳಿ ಗೋಡೆಯ ಗಡಿಯಾರ ನೋಡಿದಳು. ಹನ್ನೊಂದೂ ಹತ್ತು. ರಸ್ತೆಯಾಚೆಯ ಕ್ಲಿನಿಕ್ಕಿನಲ್ಲಿ ಅತ್ತೆಯ ಭುಜಕ್ಕೆ ಶಾಖ ಕೊಡುವುದು ಹನ್ನೊಂದೂವರೆಗೆ ಮುಗಿಯುತ್ತದೆ. ಐದು ನಿಮಿಷ ತಡವಾದರೂ ಅತ್ತೆ ಬೈಯುವವರಲ್ಲ. ಗಡಿಯಾರವಿಲ್ಲದ ತಮ್ಮ ಮಣಿಕಟ್ಟನ್ನು ಒಮ್ಮೆ ನೋಡಿಕೊಳ್ಳುತ್ತಾರೆ. ಭಾರ್ಗವಿಗೆ ಅಷ್ಟು ಸಾಕಾಗುತ್ತಿತ್ತು.

"ಮೇಡಂ, ಒಂದು ಕೇಳ್ಲಾ?" ಮೇಜಿನ ಹಿಂದಿನಿಂದ ರುಡೊಲ್ಫ್ ಕೇಳಿದ. ಬಲ್ಮಠದ ಈ ಹಳೆಯ ಕಟ್ಟಡದ ಮಾಳಿಗೆಯಲ್ಲಿ ಅವನ ತಂದೆ ಶುರು ಮಾಡಿದ ಲೈಬ್ರರಿಯನ್ನು ಈಗ ಅವನೇ ನಡೆಸುತ್ತಿದ್ದ. "ಕೆಲವರು ಮುನ್ನುಡಿ ನೋಡ್ತಾರೆ. ಕೆಲವರು ಕಳ್ಳರ ಹಾಗೆ ಕೊನೆ ಪುಟ ನೋಡ್ತಾರೆ. ಒಬ್ರು ಇದ್ರು, ಮೂಸಿ ನೋಡಿ ತಗೊಂಡು ಹೋಗ್ತಿದ್ರು. ನೀವೆಂತ ಯಾವಾಗ್ಲೂ ಮಧ್ಯದಲ್ಲಿ ಹುಡುಕುದು?"

"ಅಕ್ಷರ ದೊಡ್ಡದುಂಟಾ ಅಂತ ನೋಡಿದ್ದು."

"ಅಕ್ಷರ ಎಲ್ಲ ಪುಟದಲ್ಲಿಯೂ ಒಂದೇ ಸೈಜು ಮಾರಾಯ್ರೆ."

ಭಾರ್ಗವಿ ನಕ್ಕ ಹಾಗೆ ಮಾಡಿ ಎಂಟನೆಯದನ್ನು ಎಳೆದಳು. ಐವತ್ತೊಂದು. ಕೆಳಮೂಲೆಯಲ್ಲಿ, ಸಂಖ್ಯೆಗೆ ತಾಗದ ಹಾಗೆ, ಇರುವೆಯಷ್ಟು ಸಣ್ಣದಾಗಿ ಪೆನ್ಸಿಲಿನಲ್ಲಿ ಬರೆದ ಒಂದು ಅಕ್ಷರ: ಬೊ. ಅವಳ ಹೆಗಲು ಕೆಳಗಿಳಿಯಿತು. ಈ ವಾರಕ್ಕಾಯಿತು.

ಬಾಡಿಗೆ ಲೈಬ್ರರಿಗಳಲ್ಲಿ ಇದು ಹಳೆಯ ಪದ್ಧತಿ. ವರ್ಷಗಟ್ಟಲೆ ಓದುವವರಿಗೆ ಯಾವುದು ಓದಿದ್ದು, ಯಾವುದು ಓದದ್ದು ಎಂದು ನೆನಪಿರುವುದಿಲ್ಲ. ತಮ್ಮದೇ ಒಂದು ಪುಟ, ತಮ್ಮದೇ ಒಂದು ಗುರುತು ಇಟ್ಟುಕೊಳ್ಳುತ್ತಾರೆ. ಹದಿನೇಳನೆಯ ಪುಟದಲ್ಲಿ ಸಣ್ಣ ಶಿಲುಬೆ ಹಾಕುವವರೊಬ್ಬರಿದ್ದರು, ಮೂವತ್ತರಲ್ಲಿ ಹೂವು ಬಿಡಿಸುವವರೊಬ್ಬರು. "ಯಾರೂಂತ ಗೊತ್ತಾದ್ರೆ ಕೈಗೆ ರಬ್ಬರ್ ಕೊಟ್ಟು ಕೂರಿಸ್ತೇನೆ" ಎಂದು ರುಡೊಲ್ಫ್ ಬೈಯುತ್ತಿದ್ದ, ಆದರೆ ಅಳಿಸುತ್ತಿರಲಿಲ್ಲ. ಗುರುತು ಕಾಣದೆ ಓದಿದ್ದನ್ನೇ ಮತ್ತೆ ಒಯ್ದವರು ಬಂದು ಅವನಲ್ಲೇ ಜಗಳ ಮಾಡುತ್ತಿದ್ದರು.

ಹನ್ನೊಂದು ತಿಂಗಳ ಹಿಂದೆ ಅವಳು ಮೊದಲ ಸಲ ಈ ಮೆಟ್ಟಿಲು ಹತ್ತಿದ್ದು ಅತ್ತೆಗಾಗಿ. ನೀರಜಾಕ್ಷಿ ಟೀಚರ್ ಎಂದರೆ ಈ ಕಡೆಯ ಎರಡು ತಲೆಮಾರಿಗೆ ಕನ್ನಡ ಕಲಿಸಿದವರು. ಈಗ ಕಣ್ಣಿನ ನಡುವೆಯೇ ಮಬ್ಬು ಕವಿದು, ಎದುರಿನವರ ಕಿವಿ ಕಂಡರೂ ಮುಖ ಕಾಣುವುದಿಲ್ಲ. ಎಂಟು ವರ್ಷದ ಹಿಂದೆ ಮೆಟ್ಟಿಲು ಹತ್ತಲಾಗದೆ ಬಿಟ್ಟಿದ್ದ ಸದಸ್ಯತ್ವವನ್ನು ಅವರು ಮತ್ತೆ ಮಾಡಿಸಿದ್ದು ಸೊಸೆಯ ಬಾಯಿಂದ ಓದಿಸಲಿಕ್ಕೆ. "ಕಾರ್ಡಿಗೆ ಎರಡು ಪುಸ್ತಕ ಕೊಡ್ತಾರೆ. ಒಂದು ನನ್ನ ಪಟ್ಟಿಯದ್ದು ತಾ. ಇನ್ನೊಂದು ನೀನು ಎಂತಾದರೂ ತಾ" ಎಂದಿದ್ದರು.

ಎಂತಾದರೂ. ಆ ಮಾತು ಕೇಳಿ ಭಾರ್ಗವಿಗೆ ಖುಷಿಗಿಂತ ಹೆಚ್ಚು ಹೆದರಿಕೆಯಾಗಿತ್ತು. ನಲವತ್ತನಾಲ್ಕು ವರ್ಷದಲ್ಲಿ ಅವಳು ಓದಿದ್ದೆಲ್ಲ ಯಾರಾದರೂ ಕೈಗೆ ಕೊಟ್ಟದ್ದು. ತವರಿನಲ್ಲಿ ಅಪ್ಪ ಆರಿಸಿ ಕೊಟ್ಟದ್ದು, ಕಾಲೇಜಿನಲ್ಲಿ ಬಿ.ಕಾಂ.ಗೆ ಇಟ್ಟದ್ದು, ಮದುವೆಯಾದ ಮೇಲೆ ಈ ಮನೆಯ ಕಪಾಟಿನಿಂದ ಅತ್ತೆ ತೆಗೆದು "ಇದು ಓದಿ ಹೇಳು" ಎಂದದ್ದು. ಓದಿದ ಮೇಲೆ ಪ್ರಶ್ನೆಗಳಿರುತ್ತಿದ್ದವು. ಮೊದಲ ಗುರುವಾರ ಇಲ್ಲಿ ನಾಲ್ಕು ಗೋಡೆ ತುಂಬ ಪುಸ್ತಕಗಳ ನಡುವೆ ನಿಂತಾಗ ತನಗೆ ಏನು ಇಷ್ಟ ಎಂಬುದು ತನಗೇ ಗೊತ್ತಿಲ್ಲವೆಂದು ಅವಳಿಗೆ ಹೊಳೆದು, ಊಟದ ಮನೆಯಲ್ಲಿ ತನ್ನ ಹೆಸರನ್ನೇ ಮರೆತವಳ ಹಾಗೆ ನಾಚಿಕೆಯಾಗಿತ್ತು. ಕೈಗೆ ಸಿಕ್ಕಿದ ಒಂದನ್ನು ಒಯ್ದಳು. ಬಂದರಿನ ಊರೊಂದರಲ್ಲಿ ವಸತಿಗೃಹ ನಡೆಸುವ ಒಬ್ಬ ಹೆಂಗಸಿನ ಕಾದಂಬರಿ. ಜನ ಬರುತ್ತಾರೆ, ಹೋಗುತ್ತಾರೆ. ಅವಳು ಹಾಸಿಗೆಯ ಹೊದಿಕೆ ಬದಲಿಸುತ್ತಾಳೆ. ಓದಿ ಮುಗಿಸಿದ ದಿನ ಭಾರ್ಗವಿ ಒಗೆದ ಬಟ್ಟೆ ಹಿಡಿದುಕೊಂಡು ಹಿತ್ತಿಲಲ್ಲಿ ಸುಮಾರು ಹೊತ್ತು ಸುಮ್ಮನೆ ನಿಂತಿದ್ದಳು. ಅದರ ಐವತ್ತೊಂದನೆಯ ಪುಟದಲ್ಲಿ ಆ ಅಕ್ಷರವಿತ್ತು.

ಮನೆಯಲ್ಲಿ ಮಾತಾಡುವ ತುಳುವಿನಲ್ಲಿ ಬೋಡು ಎಂದರೆ ಬೇಕು. ಯಾರೋ ಓದಿ, ಇದು ಬೇಕು, ಬಿಡಬಾರದ್ದು ಎಂದು ಹಾಕಿಟ್ಟದ್ದು. ಭಾರ್ಗವಿಗೆ ಅದರಲ್ಲಿ ಸಂಶಯವೇ ಬರಲಿಲ್ಲ. ಮುಂದಿನ ವಾರ ಆ ಗುರುತನ್ನೇ ಹುಡುಕಿದಳು, ಅದರ ಮುಂದಿನ ವಾರವೂ. ದಾರಿ ತಪ್ಪಿದ ಭೂಮಾಪಕನೊಬ್ಬನ ಕಥೆ. ಬರೆದು ಅಂಚೆಗೆ ಹಾಕದೆ ಉಳಿದ ಕಾಗದಗಳ ಒಂದು ಪುಸ್ತಕ. ರೈಲ್ವೆ ಗೇಟಿನ ಪಕ್ಕ ಮನೆಯಿದ್ದವರ ಒಂದು ಬೇಸಗೆ. ನಲವತ್ತಕ್ಕೂ ಮಿಕ್ಕಿ ಓದಿದಳು; ಒಂದೂ ಸುಳ್ಳಾಗಲಿಲ್ಲ. ಆ ಓದುಗ ಹೆಂಗಸೇ ಇರಬೇಕು ಎಂದು ಅವಳಿಗೆ ಖಾತ್ರಿ. ಟೆಲಿಫೋನ್ ಆಫೀಸಿನಲ್ಲಿ ಕೆಲಸಕ್ಕಿದ್ದಿರಬಹುದು, ಮಧ್ಯಾಹ್ನ ಡಬ್ಬಿ ಬಿಚ್ಚಿ ಒಬ್ಬಳೇ ಕೂತು ಓದುತ್ತಿದ್ದಿರಬಹುದು. ಹೊಸ ಪುಸ್ತಕಗಳಲ್ಲಿ ಗುರುತು ಕಾಣುತ್ತಿರಲಿಲ್ಲವಾದ್ದರಿಂದ ಊರು ಬಿಟ್ಟಿರಬೇಕು, ಇಲ್ಲವೆ ತೀರಿಕೊಂಡಿರಬೇಕು. ಅದನ್ನು ಯೋಚಿಸಿದಾಗ ಭಾರ್ಗವಿಗೆ ನೆಂಟರನ್ನು ಕಳಕೊಂಡಷ್ಟು ಬೇಸರವಾಗುತ್ತಿತ್ತು. ಈ ಊರಿನಲ್ಲಿ ತನಗೆ ಬೇಕಾದದ್ದೇ ಬೇಕಾಗಿದ್ದ ಇನ್ನೊಬ್ಬಳು ಇದ್ದಳಲ್ಲ.

ರುಡೊಲ್ಫ್ ಎರಡೂ ಪುಸ್ತಕಗಳಿಗೆ ತಾರೀಕು ಒತ್ತಿದ. "ಟೀಚರಿಗೆ ನಮಸ್ಕಾರ ಹೇಳಿ. ನನಗೆ ಎಂಟನೇ ಕ್ಲಾಸಲ್ಲಿ ಒತ್ತಕ್ಷರಕ್ಕೆ ಬೆಂಚ್ ಮೇಲೆ ನಿಲ್ಲಿಸಿದ್ದು ಈಗಲೂ ಕನಸಲ್ಲಿ ಬರ್ತದೆ ಅಂತ ಹೇಳಿ."

ಭಾರ್ಗವಿ ಪುಸ್ತಕಗಳನ್ನು ಎತ್ತಿಕೊಂಡು ಓಡಿದಳು.

ಶಕ್ತಿನಗರದ ಮನೆಯಲ್ಲಿ ಓದು ಮಧ್ಯಾಹ್ನ ಮೂರಕ್ಕೆ ಶುರುವಾದರೆ ಐದಕ್ಕೆ ಮುಗಿಯುವುದು. ಅತ್ತೆ ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದರು. ಭಾರ್ಗವಿ ಎದುರಿನ ಸ್ಟೂಲಿನಲ್ಲಿ. ಪಟ್ಟಿಯ ಪುಸ್ತಕಗಳೆಲ್ಲ ದಪ್ಪ. ಮೂರು ತಲೆಮಾರು, ಎರಡು ಯುದ್ಧ, ಒಂದು ಶಾಪ, ಕೊನೆಗೆ ಒಂದು ಪಟ್ಟಾಭಿಷೇಕ. ಓದುತ್ತ ಓದುತ್ತ ಅವಳ ಗಂಟಲು ಮಾತ್ರ ಅಲ್ಲಿರುತ್ತಿತ್ತು.

"ಪ್ರಬಾವ ಅಲ್ಲ, ಪ್ರಭಾವ" ಎಂದರು ಅತ್ತೆ ಆ ದಿನ, ಕಣ್ಣು ತೆರೆಯದೆ. ಉಳಿದ ಹೊತ್ತು ಮನೆಯಲ್ಲಿ ತುಳುವಿದ್ದರೂ ಪುಸ್ತಕದ ವಿಷಯ ಬಂದರೆ ಅವರ ನಾಲಿಗೆ ತನ್ನಷ್ಟಕ್ಕೆ ಕನ್ನಡಕ್ಕೆ ಹೊರಳುತ್ತಿತ್ತು. "ಮಹಾಪ್ರಾಣ ನಿನ್ನ ಹೆಸರಲ್ಲೇ ಉಂಟು ಭಾರ್ಗವಿ. ಅದನ್ನಾದರೂ ಮರ್ಯಾದೆಯಲ್ಲಿ ಇಟ್ಟುಕೋ."

ಅವಳ ಸ್ವಂತದ ಪುಸ್ತಕಕ್ಕೆ ಹೊತ್ತೂ ಇರಲಿಲ್ಲ, ಜಾಗವೂ ಇರಲಿಲ್ಲ. ಗಂಡ ಮಧ್ವರಾಜ ವಾಮಂಜೂರಿನ ದೇವಸ್ಥಾನದಲ್ಲಿ ಅರ್ಚಕ. ಎಷ್ಟು ಕೈ ದಾಟಿ ಬಂದದ್ದೋ ಎಂದು ಲೈಬ್ರರಿಯ ಪುಸ್ತಕಕ್ಕೆ ಅಡುಗೆಮನೆಯ ಒಳಗೆ ಪ್ರವೇಶವಿಲ್ಲ. ಕುಕ್ಕರು ಕೂಗುವ ತನಕ ಅವಳು ಹೊಸಿಲಿನ ಒಳಬದಿಗೆ ನಿಂತು, ಹೊರಗಿನ ಸ್ಟ್ಯಾಂಡಿನಲ್ಲಿಟ್ಟ ಪುಸ್ತಕದತ್ತ ಕೊಕ್ಕರೆಯ ಹಾಗೆ ಕತ್ತು ಚಾಚಿ ಓದುತ್ತಿದ್ದಳು. ಪುಟ ತಿರುಗಿಸಬೇಕಾದರೆ ಹೊರಬಂದು ತಿರುಗಿಸಿ, ಕೈ ತೊಳೆದು, ಮತ್ತೆ ಒಳಗೆ. ಒಂದು ಸಾರು ಕುದಿಯುವಷ್ಟರಲ್ಲಿ ನಾಲ್ಕು ಪುಟ. ಆ ನಾಲ್ಕು ಪುಟಕ್ಕಾಗಿ ಅವಳು ಉಳಿದ ದಿನವನ್ನು ಹೇಗೋ ದಾಟುತ್ತಿದ್ದಳು.

ಮಂಗಳವಾರ ಗಂಡ ಹೆಂಡತಿ ಸೇರಿ ಅತ್ತೆಯನ್ನು ಕಣ್ಣಿನ ಡಾಕ್ಟರಲ್ಲಿಗೆ ಕರೆದುಕೊಂಡು ಹೋಗಿ ಬಂದರು. ಬುಧವಾರ ಮಧ್ಯಾಹ್ನ ಓದು ಶುರುವಾಗುವ ಮೊದಲು ಅತ್ತೆ ಕೈಯೆತ್ತಿ ನಿಲ್ಲಿಸಿದರು.

"ಬಲಗಣ್ಣಿನ ದೃಷ್ಟಿಯೂ ಇನ್ನು ಬಾರದು ಅಂತ ಹೇಳಿದ್ರಲ್ಲ. ನನಗೆ ಎಪ್ಪತ್ತೆಂಟು. ಪಟ್ಟಿಯಲ್ಲಿ ಇನ್ನೂ ತುಂಬ ಉಂಟು. ಹಾಗೆ ನಾಳೆಯಿಂದ ಎರಡೂ ನನ್ನದೇ ತಾ. ಬೆಳಿಗ್ಗೆಯೂ ಒಂದು ಗಂಟೆ ಓದುವ."

ಭಾರ್ಗವಿ ಮಡಿಲಲ್ಲಿದ್ದ ದಪ್ಪ ಪುಸ್ತಕದ ಅಂಚನ್ನು ಉಗುರಿನಿಂದ ಒತ್ತಿದಳು. ಅತ್ತೆ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದೇ ಕಷ್ಟ. ತಪ್ಪಿದ್ದರೆ ಸಿಟ್ಟು ಬರುತ್ತಿತ್ತು. ಕತ್ತಲೆಗೆ ಇಳಿಯುತ್ತಿರುವ ಮುದುಕಿಗೆ ಒಂದು ಪುಸ್ತಕ ಹೆಚ್ಚು ಓದಿ ಹೇಳಲಾರೆ ಎಂದು ಯಾವ ಬಾಯಿಂದ ಹೇಳುವುದು? ಆದರೂ ಬಾಯಿ ತೆರೆಯಿತು.

"ಅತ್ತೆ, ಒಂದು ನನಗೆ ಬೇಕಿತ್ತು."

"ನಿನಗಾ?" ಅತ್ತೆ ಕಣ್ಣು ತೆರೆದು, ಅವಳನ್ನು ಕಾಣಲು ಮುಖವನ್ನು ಒಂದು ಬದಿಗೆ ತಿರುಗಿಸಿದರು. ಧ್ವನಿಯಲ್ಲಿ ಕೋಪವಿರಲಿಲ್ಲ, ಕುತೂಹಲವಿತ್ತು. "ನಿನಗೆ ಯಾವ ತರದ್ದು ಬೇಕು? ಹೇಳು ನೋಡುವ. ಐತಿಹಾಸಿಕವಾ? ಸಾಮಾಜಿಕವಾ? ಯಾರದ್ದು?"

ಪರೀಕ್ಷೆಯ ಕೋಣೆಯ ಆ ಹಳೆಯ ಚಳಿ ಭಾರ್ಗವಿಯ ಬೆನ್ನಿಗೆ ಬಂತು. ನಲವತ್ತು ಪುಸ್ತಕಗಳು ತಲೆಯಲ್ಲಿದ್ದವು. ಒಂದಕ್ಕೂ ಹೆಸರಿಡುವ ಮಾತು ಬಾಯಿಗೆ ಬರಲಿಲ್ಲ. ಕೈಗೆ ಸಿಕ್ಕಿದ ಹಗ್ಗ ಹಿಡಿದಳು. "ಅಲ್ಲಿ ಒಬ್ಬರು ಗುರುತು ಹಾಕಿದ್ದಾರೆ ಅತ್ತೆ. ಯಾರೂಂತ ಗೊತ್ತಿಲ್ಲ. ತುಂಬ ಓದಿದವರಿರಬೇಕು. ಅವರು ಬೋಡು ಅಂತ ಹಾಕಿದ್ದನ್ನು ತರ್ತೇನೆ. ಒಂದೂ ಹಾಳಿರುದಿಲ್ಲ."

"ಬೋಡು ಅಂತ ಬರೆದಿದ್ದಾರಾ?"

"ಪೂರ್ತಿ ಇಲ್ಲ. 'ಬೊ' ಅಂತ. ಸಣ್ಣಕ್ಕೆ, ಪೆನ್ಸಿಲಲ್ಲಿ."

ಹೊರಗೆ ಯಾರದೋ ಸ್ಕೂಟರು ಏರು ಹತ್ತಲಾರದೆ ಗೊಣಗಿತು.

"ಐವತ್ತೊಂದರಲ್ಲಾ?" ಎಂದರು ಅತ್ತೆ.

ಭಾರ್ಗವಿ ತಲೆಯೆತ್ತಿದಳು.

"ಅಯ್ಯೋ ದೇವರೇ" ಎಂದು ಅತ್ತೆ ನಗಲು ಶುರು ಮಾಡಿದರು. ಅವರು ಹಾಗೆ ಹೊಟ್ಟೆ ಹಿಡಿದು ನಕ್ಕದ್ದನ್ನು ಭಾರ್ಗವಿ ಮದುವೆಯಾಗಿ ಬಂದಂದಿನಿಂದ ನೋಡಿರಲಿಲ್ಲ. ನೋಯುವ ಭುಜವನ್ನು ಇನ್ನೊಂದು ಕೈಯಿಂದ ಒತ್ತಿ ಹಿಡಿದು ನಕ್ಕರು. "ಅದು ನಾನು ಹಾಕಿದ್ದು ಮಾರಾಯ್ತಿ. ಯಾವ ಪುಸ್ತಕಕ್ಕಾದರೂ ಐವತ್ತು ಪುಟ ಕೊಡ್ತಿದ್ದೆ. ಐವತ್ತರಲ್ಲೂ ಹಿಡಿಯದಿದ್ದರೆ ಐವತ್ತೊಂದಕ್ಕೆ 'ಬೊ'. ಬೊಡ್ಚಿ ಅಂತ."

ಬೊಡ್ಚಿ. ಬೇಡ.

"ಕನ್ನಡದಲ್ಲಿ 'ಬೇ' ಅಂತ ಹಾಕಿದರೆ ಬೇಕೂ ಆಗ್ತದೆ, ಬೇಡವೂ ಆಗ್ತದೆ. ಅದಕ್ಕೇ ತುಳುವಿನಲ್ಲಿ ಹಾಕಿದ್ದು. ಬೋಡು ಆಗಿದ್ದರೆ ದೀರ್ಘ ಬರಬೇಡವಾ? ಮಕ್ಕಳ ಕಿವಿ ಹಿಂಡಿ ದೀರ್ಘ ಕಲಿಸಿದವಳು ನಾನು, ನಾನೇ ನುಂಗ್ತೇನಾ?"

ಭಾರ್ಗವಿಗೆ ಮೊದಲು ಅನಿಸಿದ್ದು ನಾಚಿಕೆಯಲ್ಲ. ಟೆಲಿಫೋನ್ ಆಫೀಸಿನ ಆ ಹೆಂಗಸು ಡಬ್ಬಿ ಮುಚ್ಚಿ ಎದ್ದು ಹೋದಳು. ಅವಳ ಕುರ್ಚಿಯಲ್ಲಿ ಅತ್ತೆ ಕೂತಿದ್ದರು. ವಾರಕ್ಕೊಮ್ಮೆ ಇಪ್ಪತ್ತೈದು ನಿಮಿಷ ತಾನು ಯಾರ ಕಣ್ಣಿಗೂ ಬೀಳದೆ ಇದ್ದೆ ಎಂದುಕೊಂಡಿದ್ದ ಆ ಮಾಳಿಗೆಯಲ್ಲೂ ಅವರ ಪೆನ್ಸಿಲು ತನಗಿಂತ ಮುಂಚೆ ಹೋಗಿ ಬಂದಿತ್ತು.

ನಗು ಮುಗಿದ ಮೇಲೆ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದರು. "ಅಲ್ಲ, ಅವನ್ನೆಲ್ಲ ನೀನು ಪೂರಾ ಓದಿದ್ದಾ?"

"ಪೂರಾ."

"ಆ ಬಂದರಿನ ಹೆಂಗಸು, ಲಾಡ್ಜ್ ನಡೆಸುವವಳು? ಒಬ್ಬ ಹಡಗಿನವನು ಬಂದು ರೂಮು ಕೇಳ್ತಾನೆ, ಅಲ್ಲಿಗೆ ಬಿಟ್ಟಿದ್ದೆ ನಾನು. ಆಮೇಲೆ ಎಂತ ಆಯ್ತು?"

"ಎಂತದ್ದೂ ಆಗ್ಲಿಲ್ಲ. ಅವನು ಮೂರು ದಿನ ಇದ್ದು ಹೋದ."

"ನೋಡು. ನಾನು ಬಿಟ್ಟದ್ದೇ ಸರಿ."

"ಹೋದ ಮೇಲೆ ಅವಳು ಆ ರೂಮನ್ನು ಬೇರೆ ಯಾರಿಗೂ ಕೊಡುವುದಿಲ್ಲ. ಯಾರಿಗೂ ಹೇಳುವುದೂ ಇಲ್ಲ. ಜನ ಬಂದು ಕೇಳ್ತಾರೆ, ತುಂಬಿದೆ ಅಂತ ಹೇಳ್ತಾಳೆ. ಬೋರ್ಡಿನಲ್ಲಿ ಆ ಬೀಗದ ಕೈ ಮಾತ್ರ ನೇತಾಡ್ತಾ ಇರ್ತದೆ." ಭಾರ್ಗವಿಗೆ ತನ್ನ ಸ್ವರ ಓದುವಾಗಿನದ್ದಲ್ಲ ಎಂದು ಗೊತ್ತಾಯಿತು. ಅಲ್ಲಿಗೇ ನಿಲ್ಲಿಸಬಹುದಿತ್ತು. "ನನಗೆ ಅಂಥದ್ದು ಇಷ್ಟ ಅತ್ತೆ. ಎಂತದ್ದೂ ಆಗದ್ದು. ಹೊರಗಿನವರಿಗೆ ಎಂತದ್ದೂ ಕಾಣದ್ದು."

ಹೇಳಿ ಮುಗಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಪ್ರಶ್ನೆಗೆ ಉತ್ತರ ಇಷ್ಟೇ ಇತ್ತು.

"ಎಂತದ್ದೂ ಆಗದ್ದಕ್ಕೆ ಪುಸ್ತಕ ಎಂತಕ್ಕೆ?" ಎಂದರು ಅತ್ತೆ. "ಈ ಮನೆ ಉಂಟಲ್ಲ."

ತಮಾಷೆಗೋ ನಿಜಕ್ಕೋ ತಿಳಿಯಲಿಲ್ಲ. ಅತ್ತೆಯ ಕಣ್ಣು ಮತ್ತೆ ಮುಚ್ಚಿತ್ತು. "ಇನ್ನೂರ ಹನ್ನೆರಡರಲ್ಲಿ ನಿಂತಿತ್ತು. ಶುರು ಮಾಡು" ಎಂದರು. ಭಾರ್ಗವಿ ಶುರು ಮಾಡಿದಳು. ಪಟ್ಟದ ರಾಣಿಗೆ ಎರಡನೆಯ ಮಗ ಹುಟ್ಟಿದ.

ಸಂಜೆ ಅತ್ತೆ ಹೇಳುತ್ತ ಹೋದಂತೆ ಮಧ್ವರಾಜ ಚೀಟಿಯಲ್ಲಿ ಎರಡು ಹೆಸರು ಬರೆದ. ಅಡುಗೆಮನೆಯ ಬಾಗಿಲಿಗೆ ಬಂದು ಅದನ್ನು ಹೆಂಡತಿಗೆ ಕೊಡುತ್ತ, ಅವಳ ಮುಖ ನೋಡಿ ದನಿ ತಗ್ಗಿಸಿದ. "ಅಮ್ಮ ಹೇಳಿದ ಹಾಗೆ ಮಾಡು ಮಾರಾಯ್ತಿ. ಇನ್ನೆಷ್ಟು ದಿನ? ನಿನಗೆ ಓದ್ಲಿಕ್ಕೆ ಮುಂದೆ ಬೇಕಾದಷ್ಟು ಟೈಮ್ ಉಂಟು."

ಅವನು ಒಳ್ಳೆಯವನೇ. ಅವನ ಮಾತಿನೊಳಗೆ ಹೆಂಡತಿಯ ಪುಸ್ತಕ ಯಾರ ಸಾವಿನ ಆಚೆಗೆ ಕೂತಿದೆಯೆಂದು ಅವನಿಗೆ ಹೊಳೆದಿರಲಿಲ್ಲ. ಭಾರ್ಗವಿಗೆ ಹೊಳೆಯಿತು. ಹಾಗೆ ಕಾಯುವವಳಾಗುವುದು ಅವಳಿಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

ಗುರುವಾರ ಹನ್ನೊಂದೂ ಐದಕ್ಕೆ ಚೀಟಿಯ ಎರಡೂ ಪುಸ್ತಕಗಳು ರುಡೊಲ್ಫನ ಮೇಜಿನ ಮೇಲಿದ್ದವು. ಒಂದೊಂದೂ ಹಲಸಿನ ಹಣ್ಣಿನಷ್ಟು ತೂಕ. ಅವನು ಮೊದಲನೆಯದಕ್ಕೆ ತಾರೀಕು ಒತ್ತಿ ಎರಡನೆಯದನ್ನು ತೆರೆಯುವಷ್ಟರಲ್ಲಿ, "ಒಂದು ನಿಮಿಷ" ಎಂದಳು.

"ಎಂತ ಮೇಡಂ?"

"ಅದು ಇವತ್ತು ಬೇಡ."

"ಟೀಚರ ಚೀಟಿಯಲ್ಲಿ ಉಂಟಲ್ಲ."

"ಒಂದು ಸಾಕು."

"ಅವರು ಕೇಳಿದ್ರೆ?"

"ಕೇಳ್ತಾರೆ" ಎಂದಳು ಭಾರ್ಗವಿ.

ರುಡೊಲ್ಫ್ ಪುಸ್ತಕವನ್ನು ಬದಿಗಿಟ್ಟ. ಬೆಂಚಿನ ಮೇಲೆ ನಿಂತ ಹುಡುಗನ ಗೌರವ ಅವನ ಮುಖದಲ್ಲಿ ಒಂದು ಕ್ಷಣ ಕಂಡಿತು.

ಅವಳ ಕೈ ಅಭ್ಯಾಸಬಲದಿಂದ ಹಳೆಯ ಕಪಾಟಿಗೇ ಹೋಯಿತು. ಎಳೆದ ಮೂರನೆಯದರಲ್ಲೇ 'ಬೊ' ಸಿಕ್ಕಿತು. ದೀರ್ಘವಿಲ್ಲದ, ಸ್ಫುಟವಾದ, ಟೀಚರ ಅಕ್ಷರ. ಇದು ತನಗೆ ಖಂಡಿತ ಹಿಡಿಸುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅತ್ತೆ ಬೇಡವೆಂದದ್ದೆಲ್ಲ ತನಗೆ ಬೇಕು ಎಂದಾದರೂ ಆರಿಸಿ ಕೊಟ್ಟವರು ಅವರೇ ಆದರಲ್ಲ. ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು, ಹಿಂದಿಟ್ಟಳು.

ಹೊಸ ಪುಸ್ತಕಗಳ ಕಪಾಟು ಮೆಟ್ಟಿಲಿನ ಹತ್ತಿರ, ಬೆಳಕು ಕಡಿಮೆಯಿದ್ದ ಕಡೆ ಇತ್ತು. ಅಲ್ಲಿ ಯಾರ ಗುರುತೂ ಇರಲಿಲ್ಲ. ಒಂದನ್ನು ತೆರೆದಳು, ಮೊದಲ ಪುಟದಲ್ಲೇ ಇಬ್ಬರು ಅರಚಾಡುತ್ತಿದ್ದರು, ಮುಚ್ಚಿದಳು. ಇನ್ನೊಂದರಲ್ಲಿ ಮಾತು ಮಾತಿಗೂ ಸುಭಾಷಿತ. ಮೂರನೆಯದು ಎರಡು ಪುಟ ಚೆನ್ನಾಗಿ ನಡೆದು ಮೂರನೆಯದರಲ್ಲಿ ತನ್ನನ್ನೇ ಮೆಚ್ಚಿಕೊಳ್ಳತೊಡಗಿತು. ಬೇಡ, ಬೇಡ, ಬೇಡ ಎನ್ನುವುದು ಇಷ್ಟು ಸಲೀಸು ಎಂದು ಅವಳಿಗೆ ತಿಳಿದಿರಲಿಲ್ಲ. ಬೇಕು ಎನ್ನುವುದೇ ಬರುತ್ತಿರಲಿಲ್ಲ. ಗಡಿಯಾರ ನೋಡಿದಳು. ಹನ್ನೊಂದೂ ಇಪ್ಪತ್ತೆಂಟು. ಒಂದು ತೆಳ್ಳನೆಯದು ಇತ್ತು, ಬೂದು ರಟ್ಟಿನದ್ದು. ಐಸ್ ಫ್ಯಾಕ್ಟರಿಯ ಗೇಟಿನಲ್ಲಿ ಕೂತ ಕಾವಲುಗಾರನೊಬ್ಬ ಕಿತ್ತಳೆ ಸುಲಿಯುತ್ತಿದ್ದಾನೆ, ಲಾರಿಯೊಂದು ಬಂದು ಹಾರ್ನ್ ಹಾಕುತ್ತದೆ, ಅವನು ಏಳುವುದಿಲ್ಲ. ಪುಟ ತಿರುಗಿಸಿದಳು. ಅವನು ಇನ್ನೂ ಎದ್ದಿರಲಿಲ್ಲ. ಚೆನ್ನಾಗಿದೆಯೋ ಇಲ್ಲವೋ ಹೇಳಲು ಅವಳ ಪಕ್ಕದಲ್ಲಿ ಯಾರೂ ಇರಲಿಲ್ಲ. ಅದನ್ನು ತಂದು ಮೇಜಿನ ಮೇಲಿಟ್ಟಳು.

ಕ್ಲಿನಿಕ್ಕಿನ ಹೊರಗಿನ ಬೆಂಚಿನಲ್ಲಿ ಅತ್ತೆ ಕೂತಿದ್ದರು. ಹನ್ನೊಂದೂ ಮುಕ್ಕಾಲಾಗಿತ್ತು. ರಿಕ್ಷಾ ಹತ್ತಿಸಿ ಕೂರಿಸಿದ ಮೇಲೆ ಅವರು ಎಂದಿನಂತೆ ಕೈ ಚಾಚಿ ಪುಸ್ತಕಗಳನ್ನು ತೆಗೆದುಕೊಂಡು ಮಡಿಲಲ್ಲಿಟ್ಟು, ಹೆಬ್ಬೆರಳಿನಿಂದ ಬೆನ್ನಿನ ದಪ್ಪ ಅಳೆದರು.

"ಇದು ನನ್ನ ಪಟ್ಟಿಯದ್ದಲ್ಲ."

"ಅಲ್ಲ. ಅದು ನನ್ನದು ಅತ್ತೆ. ಬೆಳಿಗ್ಗೆಯೂ ಓದ್ತೇನೆ ನಿಮಗೆ, ಒಂದು ಗಂಟೆ. ಪುಸ್ತಕ ಮಾತ್ರ ಒಂದು ನನಗೆ."

"ಬೊ ಉಂಟಾ ಇದರಲ್ಲಿ?"

"ಇಲ್ಲ. ಹೊಸತು."

"ಮತ್ತೆ ಒಳ್ಳೇದು ಅಂತ ಹೇಗೆ ಗೊತ್ತು?"

"ಗೊತ್ತಿಲ್ಲ."

ಅತ್ತೆ ಎರಡೂ ಪುಸ್ತಕಗಳ ಮೇಲೆ ಅಂಗೈ ಊರಿ, ತಮಗೆ ಕಾಣದ ರಸ್ತೆಯ ಕಡೆ ಮುಖ ಮಾಡಿ ಕೂತರು. ರಿಕ್ಷಾ ಬೆಂದೂರು ದಾಟಿತು, ಮಲ್ಲಿಕಟ್ಟೆ ದಾಟಿತು. ಭಾರ್ಗವಿ ಆ ಕೈಯನ್ನೇ ನೋಡುತ್ತಿದ್ದಳು. ಉಬ್ಬಿದ ನರ, ಸೀಮೆಸುಣ್ಣ ಹಿಡಿದು ಸೊಟ್ಟಗಾದ ತೋರುಬೆರಳು.

ನಂತೂರಿನ ವೃತ್ತದಲ್ಲಿ ಎಲ್ಲವೂ ನಿಂತಿತ್ತು. ಮುಂದೆ ಟ್ಯಾಂಕರು, ಪಕ್ಕದಲ್ಲಿ ಬಸ್ಸು, ಹಿಂದೆ ಇನ್ನೊಂದು ಬಸ್ಸು. ಡ್ರೈವರು ಇಂಜಿನ್ ಆರಿಸಿ, "ಇದು ಇನ್ನು ಅರ್ಧ ಗಂಟೆ" ಎಂದ.

ಭಾರ್ಗವಿ ಬೂದು ರಟ್ಟಿನ ಪುಸ್ತಕದ ಮೂಲೆ ಹಿಡಿದು ಎಳೆದಳು. ಅತ್ತೆಯ ಕೈ ಏಳಲಿಲ್ಲ. ಒತ್ತಿ ಹಿಡಿಯಲೂ ಇಲ್ಲ. ಪುಸ್ತಕ ಬೆರಳು ಬೆರಳಷ್ಟೇ ಜಾರಿ, ಕೊನೆಗೆ ಅವಳ ಕೈಗೆ ಬಂತು. ಅತ್ತೆಯ ಅಂಗೈ ಕೆಳಗಿನ ದಪ್ಪದ್ದರ ಮೇಲೆ ಇಳಿಯಿತು. ಅವಳು ಮೊದಲ ಪುಟ ತೆರೆದಳು. ಬಸ್ಸಿನ ನೆರಳು ಪುಟದ ಅರ್ಧಕ್ಕೆ ಬಿದ್ದಿತ್ತು. ಬಿಸಿಲಿದ್ದ ಅರ್ಧದ ಕಡೆಗೆ ಪುಸ್ತಕವನ್ನು ಸ್ವಲ್ಪ ಸ್ವಲ್ಪ ಸರಿಸುತ್ತ, ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ತುಟಿ ಅಲುಗಿಸದೆ ಓದತೊಡಗಿದಳು.